ಕುಟ್ಟು ಸಂಘದ ಕೀಲಿ

"ಕುಟ್ಟು ಸಂಘಂ ಎವರಿದಮ್ಮಾ?"

ಕುಟ್ಟು ಸಂಘ ಯಾರದೆಂದು ಪಂಚಾಯಿತಿ ಕಟ್ಟೆಯ ಮೇಲೆ ನಿಂತು ತೆಲುಗಿನಲ್ಲಿ ಕೂಗಿದವನು ಕಾರ್ಯದರ್ಶಿ ರವಿಶಂಕರ. ಆಂಧ್ರದ ಗಡಿಯೊಳಗಿನ ಈ ಕನ್ನಡದ ಊರಿಗೆ ಕಡಪದ ಕಡೆಯಿಂದ ವರ್ಗವಾಗಿ ಬಂದು ತಿಂಗಳೂ ತುಂಬಿಲ್ಲ. ಕನ್ನಡ ಒಂದಕ್ಷರ ಬಾರದು, ಊರಿನ ಹೆಂಗಸರ ಗುರುತೂ ಇಲ್ಲ. ಕೈಯಲ್ಲಿ ಹಳೇ ಅಂಗನವಾಡಿ ಕೋಣೆಯ ಕೀಲಿ ಇತ್ತು. ಪಂಚಾಯಿತಿಯವರು ಆ ಕೋಣೆಗೆ ಸುಣ್ಣ ಬಳಿಸಿ, ಕರೆಂಟು ಎಳೆಸಿ, ಹೆಂಗಸರ ಸಂಘವೊಂದಕ್ಕೆ ಕೊಡುವುದೆಂದು ಗ್ರಾಮಸಭೆಯಲ್ಲಿ ತೀರ್ಮಾನಿಸಿದ್ದರು.

ನಲ್ಲಿಯ ಹತ್ತಿರ ನಿಂತಿದ್ದ ತಿಪ್ಪಕ್ಕ ಆ ಸಭೆಯಲ್ಲಿ ಕೂತಿದ್ದವಳೇ. ಕೋಣೆ ಸಿಕ್ಕಿದ್ದು ತನ್ನ ಖಾರ ಕುಟ್ಟುವ ಸಂಘಕ್ಕಲ್ಲ, ಓರಗಿತ್ತಿ ಹೇಮಾಳ ಹೊಲಿಗೆ ಸಂಘಕ್ಕೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತೆಲುಗಿನಲ್ಲಿ ಕುಟ್ಟು ಅಂದರೆ ಹೊಲಿಗೆ ಎಂಬುದೂ ಗೊತ್ತಿತ್ತು. ಹೇಮಾ ಬೆಳಗಿನ ಬಸ್ಸಿಗೇ ಬಟ್ಟೆ ತರಲು ರಾಯದುರ್ಗಕ್ಕೆ ಹೋಗಿದ್ದಳು.

ಹೇಮಾಳನ್ನು ಕಂಡರೆ ತಿಪ್ಪಕ್ಕನಿಗೆ ಎರಡು ವರ್ಷದಿಂದ ಹೊಟ್ಟೆಕಿಚ್ಚು. ಸುಳ್ಳು ಯಾಕೆ, ಮುಂಚೆ ಇರಲಿಲ್ಲ. ಇಬ್ಬರೂ ಕಲ್ಯಾಣದುರ್ಗದ ಕಡೆಯ ತೆಲುಗು ಮನೆಯ ಹೆಣ್ಣುಮಕ್ಕಳು. ಈ ಕನ್ನಡದ ಮನೆಗೆ ಸೊಸೆಯರಾಗಿ ಬಂದ ಮೇಲೆ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ತೆಲುಗಿನಲ್ಲೇ ಅತ್ತೆಯನ್ನು ಬೈದುಕೊಂಡವರು. ಅತ್ತೆಗೂ ತೆಲುಗು ಬರುತ್ತಿತ್ತು, ಅದು ಬೇರೆ ಮಾತು. ಆಮೇಲೆ ಹೇಮಾ ಹೊಲಿಗೆ ಕಲಿತಳು, ಸಂಘ ಕಟ್ಟಿದಳು, ಊರಿನ ಹುಡುಗಿಯರಿಗೆಲ್ಲ 'ಮೇಡಂ' ಆದಳು. ತಿಪ್ಪಕ್ಕ ಮಾತ್ರ ಖಾರದಕ್ಕನಾಗಿಯೇ ಉಳಿದಳು. ಹಿರಿಯಳು ನಾನು, ಮೇಡಂ ಅವಳು! ಈಗ ಕೋಣೆಯೂ ಅವಳಿಗೇ.

ತಿಪ್ಪಕ್ಕ ಬಿಂದಿಗೆ ಬಿಟ್ಟು ಮುಂದೆ ಬಂದಳು.

"ಕುಟ್ಟೋರು ನಾವ ರೀ."

ರವಿಶಂಕರನಿಗೆ ಅದರಲ್ಲಿ ತಿಳಿದದ್ದು 'ಕುಟ್ಟು' ಒಂದೇ, ಪುಸ್ತಕ ಚಾಚಿದ. ಸಹಿ ಮಾಡಲು ಬರುತ್ತಿದ್ದವಳು ಏನೂ ಅರಿಯದವಳಂತೆ ಹೆಬ್ಬೆಟ್ಟು ಒತ್ತಿ ಕೀಲಿ ಇಸಕೊಂಡಳು.

ಸಂಜೆಯ ಬಸ್ಸು ಬರುವಷ್ಟರಲ್ಲಿ ಖಾರ ಕುಟ್ಟುವ ಮಿಷನ್ನು ಹೊಸ ಕೋಣೆಯಲ್ಲಿತ್ತು. ಅದರ ಕಾಲುಗಳಿಗೆ ಸಿಮೆಂಟೂ ಬಿದ್ದಿತ್ತು. ಬಟ್ಟೆಯ ಗಂಟು ಹೊತ್ತು ಬಂದ ಹೇಮಾ ಬಾಗಿಲಲ್ಲೇ ನಿಂತಳು. ಸರ್ಪಂಚ್ ದೊಡ್ಡಬೀರಪ್ಪನೂ ಬಂದ, ಜನವೂ ಸೇರಿತು. ರವಿಶಂಕರ ತಪ್ಪು ತನ್ನದೆಂದು ತಿಳಿದು ಪುಸ್ತಕದಿಂದ ತಲೆ ಎತ್ತಲಿಲ್ಲ.

"ಅಕ್ಕಾ, ಕುಟ್ಟು ಅಂದ್ರ ಹೊಲಿಗಿ ಅಂತ ನಿನಗ ಗೊತ್ತಿದ್ದಿಲ್ಲೇನು?" ಹೇಮಾ ಕೇಳಿದಳು.

"ನನಗೆಲ್ಲಿ ತೆಲುಗು ಬರತೈತಿ? ಅವರು ಕುಟ್ಟು ಅಂದ್ರು, ನಾನು ಕುಟ್ಟೋದು ಅಂದ್ಕಂಡೆ."

ಯಾರೋ ಕಿಸಕ್ಕನೆ ನಕ್ಕರು. ಮಕ್ಕಳನ್ನು ಬೈಯುವಾಗ, ಸತ್ತವರ ಮುಂದೆ ಅಳುವಾಗ ತಿಪ್ಪಕ್ಕನ ಬಾಯಿಂದ ಬರುವುದು ತೆಲುಗೇ ಎಂದು ಇಡೀ ಊರಿಗೆ ಗೊತ್ತು. ಹೇಮಾ ನಗಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಓರಗಿತ್ತಿಯ ಮುಖವನ್ನು ಒಂದು ಗಳಿಗೆ ನೋಡಿದಳು, ಅಷ್ಟೇ.

"ಸಿಮೆಂಟ್ ಹಾಕಿಬಿಟ್ಟಾರವ್ವ. ಈಗ ಕೀಳಾಕ ಹೋದ್ರ ಊರಾಗ ರಂಪ ಆಗತೈತಿ. ನಿಮಗ ಬ್ಯಾರೆ ಜಾಗ ನೋಡೋಣು," ಅಂದ ದೊಡ್ಡಬೀರಪ್ಪ.

ಹೇಮಾ ಗಂಟು ಎತ್ತಿಕೊಂಡು ಹೊರಟುಹೋದಳು.

ಎರಡು ದಿನ ತಿಪ್ಪಕ್ಕನಿಗೆ ಹಾಲು ಕುಡಿದಷ್ಟು ಸಂತೋಷ. ಮೂರನೆಯ ದಿನ ಆ ಕಾರ್ಯದರ್ಶಿಯ ಪೆಚ್ಚುಮೋರೆ ನೆನೆದು ಒಬ್ಬಳೇ ನಕ್ಕಳು. ಇಂಥದ್ದನ್ನೆಲ್ಲ ಅವನ ಹಾಗೇ ಮೋರೆ ಮಾಡಿ ಹೇಳಿ ನಗಿಸಬೇಕು. ಯಾರಿಗೆ ಹೇಳುವುದು? ಅವಳು ಹೇಳಿ ನಗುತ್ತಿದ್ದದ್ದು ಹೇಮಾಳ ಹತ್ತಿರ.

ನಾಲ್ಕನೆಯ ದಿನ ಹೇಮಾಳೇ ಬಂದಳು, ಚೀಲದಲ್ಲಿ ಒಣಮೆಣಸಿನಕಾಯಿ ಹಿಡಿದು.

"ಅಕ್ಕಾರ, ಎರಡು ಸೇರು ಐತ್ರಿ. ಕುಟ್ಟಿ ಕೊಡ್ತೀರೇನ್ರಿ?"

ಇಷ್ಟು ವರ್ಷದಲ್ಲಿ ಇಬ್ಬರೇ ಇದ್ದಾಗ ಹೇಮಾ ಅವಳೊಂದಿಗೆ ಕನ್ನಡ ಆಡಿದವಳಲ್ಲ. 'ರೀ' ಅಂದದ್ದಂತೂ ಇಲ್ಲವೇ ಇಲ್ಲ. ತಿಪ್ಪಕ್ಕ ಗಡಬಡಿಸಿ ಸೆರಗಿಗೆ ಕೈ ಒರೆಸಿಕೊಂಡು ಗೋಣಿತಟ್ಟು ಹಾಸಿದಳು.

"ಲೋಪಲಿಕಿ ರಾವೇ, ಕೂರ್ಚೋ," ಅಂದಳು. ಒಳಗೆ ಬಾರೇ, ಕೂತುಕೋ ಎಂದು, ಹಿತ್ತಲಿನ ಆ ಮೆಲುದನಿಯಲ್ಲೇ.

ಹೇಮಾ ಹೊಸ್ತಿಲಿನಾಚೆಯೇ ನಿಂತಿದ್ದಳು.

"ಏನಂದ್ರಿ? ನನಗ ತಿಳೀಲಿಲ್ರಿ."

ಅದನ್ನೇ ಕನ್ನಡದಲ್ಲಿ ಹೇಳಲು ತಿಪ್ಪಕ್ಕ ಬಾಯಿ ತೆರೆದಳು. ಆಗಲಿಲ್ಲ. ಚೀಲ ಇಸಕೊಂಡು ಮಿಷನ್ನಿನ ಸ್ವಿಚ್ಚು ಒತ್ತಿದಳು. ಹೇಮಾ ಉಳಿದ ಗಿರಾಕಿಗಳ ಜೊತೆ ಕಟ್ಟೆಯ ಮೇಲೆ ಕೂತು ಸರದಿ ಕಾದಳು.