ರಜೆಯ ದಿನದ ಕಾಳು

ಸಾಮಾನು ಸಾಗಿಸುವ ಗಾಡಿಯವನಿಗೆ ಹೆಂಡತಿಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ತನ್ನ ಹೆಣ್ಣು ಕುದುರೆಯ ಮೇಲೆ ಸ್ವಲ್ಪ ಜಾಸ್ತಿ ಇತ್ತು, ಅಷ್ಟೇ. ಭಾನುವಾರ ಗಾಡಿಗೆ ರಜೆ. ಆ ದಿನ ಕುದುರೆಯನ್ನು ಲಾಯದಲ್ಲೇ ಕಟ್ಟಿ, ದುಡಿಯುವ ದಿನಕ್ಕಿಂತ ಎರಡು ಬೋಗುಣಿ ಹೆಚ್ಚೇ ಕಾಳು ಸುರಿಯುತ್ತಿದ್ದ. ಆ ಮನೆಯಲ್ಲಿ ನೆಂಟರಿಗೂ ಇಂಥ ಉಪಚಾರ ಸಿಕ್ಕಿದ್ದಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಕಬ್ಬಿಣದ ಬೀರು ಹೇರಿಕೊಂಡು ಹೊರಟ ಕುದುರೆ, ಕಾಲು ಗಂಟೆಯೊಳಗೆ ಕ್ಷೌರದಂಗಡಿಯ ಮುಂದೆ ಗಕ್ಕನೆ ನಿಂತುಬಿಟ್ಟಿತು. ಮೈಯೆಲ್ಲ ಬೆವರು. ಹಿಂಗಾಲಿನ ತೊಡೆ ಮುಟ್ಟಿದರೆ ಮರದ ಹಲಗೆ. ಉಚ್ಚೆ ಹೊಯ್ದರೆ ಡಿಕಾಕ್ಷನ್ ಬಣ್ಣ. ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿ ನೊರೆಯ ಸಮೇತ ಹೊರಗೆ ಬಂದು ನೋಡಿದ.

ಗಾಡಿಯ ಹಿಂದೆ ಕೂತಿದ್ದ ಭಾವಮೈದುನ ಮಹಾ ಪಂಡಿತನಂತೆ ಗಂಟಲು ಸರಿಮಾಡಿಕೊಂಡ.

"ಬರೀ ಸೋಮಾರಿತನ ಭಾವ. ನಾಲ್ಕು ಹೆಜ್ಜೆ ನಡೆಸಿ, ಸರಿಹೋಗುತ್ತೆ."

ಗಾಡಿ ಬಿಚ್ಚಿ ಲಗಾಮು ಎಳೆಯಬೇಕು, ಅಷ್ಟರಲ್ಲಿ ಕ್ಷೌರಿಕ ಫೋನ್ ಮಾಡಿ ಕರೆಸಿದ್ದ ಪಶುವೈದ್ಯೆ ಸ್ಕೂಟರಿನಿಂದ ಇಳಿದರು.

"ಒಂದು ಹೆಜ್ಜೆನೂ ಬೇಡ. ತೊಡೆ ಮಾಂಸಖಂಡ ಒಳಗೇ ಒಡೆದುಹೋಗ್ತಿದೆ. ಉಚ್ಚೇಲಿ ಬರ್ತಿರೋದು ಅದೇ. ಈಗ ನಡೆಸಿದ್ರೆ ಕಿಡ್ನಿನೂ ಹೋಗುತ್ತೆ, ಕುದುರೆನೂ ಹೋಗುತ್ತೆ. ನಿನ್ನೆ ಏನು ಹಾಕಿದ್ರಿ?"

ಗಾಡಿಯವನು ಹೆಮ್ಮೆಯಿಂದಲೇ ಶುರುಮಾಡಿದ. ಎರಡನೆಯ ಬೋಗುಣಿಗೆ ಬರುವಷ್ಟರಲ್ಲಿ ಆಕೆಯ ಮುಖ ನೋಡಿ ದನಿ ಇಳಿಯಿತು.

"ಕೆಲಸ ಇಲ್ಲದ ದಿನ ಹೊಟ್ಟೆ ಬಿರಿಯೋಷ್ಟು ಕಾಳು, ಮಾರನೇ ದಿನ ಹೊರೆ. ರೋಗ ನೀವೇ ಬಡಿಸಿದ್ದೀರಿ," ಎಂದರು ವೈದ್ಯೆ.

ಡ್ರಿಪ್ ಬಾಟಲಿ ಕ್ಷೌರದಂಗಡಿಯ ಬೋರ್ಡಿಗೆ ನೇತುಬಿತ್ತು. ರಸ್ತೆ ಕಟ್ಟಿಹೋಗಿ, ಬಸ್ಸಿನವರೂ ಲಾರಿಯವರೂ ಅವನ ಏಳು ತಲೆಮಾರನ್ನು ನೆನೆದರು. ಅವನಿಗೆ ಕೇಳಿಸಲಿಲ್ಲ. ಕೈಯಾರೆ ಕೊಂದೆನಲ್ಲ ಎಂದು ಕುದುರೆಯ ಕುತ್ತಿಗೆಗೆ ಮುಖ ಒತ್ತಿ ನಿಂತಿದ್ದ. ಸುದ್ದಿ ಕೇಳಿ ಓಡಿಬಂದ ಹೆಂಡತಿ ಬಕೆಟ್ಟಿನಲ್ಲಿ ನೀರು ತಂದು ಕುದುರೆಯ ಬಾಯಿಗೆ ಹಿಡಿದಳು.

ಸಂಜೆಗೆ ಉಚ್ಚೆ ತಿಳಿಯಾಯಿತು. ಕುದುರೆ ಲಾರಿಯಲ್ಲಿ ಮನೆಗೆ ಹೋಯಿತು. ಆಮೇಲೆ ಕೆಲವು ವಾರ ಬರೀ ಹುಲ್ಲು, ವಿಶ್ರಾಂತಿ, ಕೊನೆಗೆ ಅಂಗಳದಲ್ಲಿ ನಿಧಾನವಾಗಿ ನಾಲ್ಕು ಸುತ್ತು.

ಮತ್ತೆ ಗಾಡಿ ಹೂಡಿದ ಮೇಲಿನ ಮೊದಲ ಭಾನುವಾರ ಅವನು ಹುಲ್ಲಿನ ಕಂತೆಯೊಂದನ್ನೇ ಹಿಡಿದು ಲಾಯಕ್ಕೆ ಹೋದ. ಕುದುರೆ ಅವನ ಎರಡೂ ಕೈ ಮೂಸಿ, ತಿರುಗಿ ನಿಂತು ಅಂಡು ತೋರಿಸಿತು. ಅವನು ಅಳುಮುಖ ಮಾಡಿಕೊಂಡು ಅಡುಗೆಮನೆಗೆ ಬಂದ.

"ಮುನಿಸ್ಕೊಂಡಿದ್ದಾಳೆ ಕಣೇ."

"ಬದುಕಿದ್ದಾಳಲ್ಲ," ಎಂದಳು ಹೆಂಡತಿ, "ಮುನಿಸ್ಕೊಳ್ಳಲಿ ಬಿಡಿ."