ಹಗೇವಿಗಿಳಿದ ಕಂದೀಲು

ಕಂದೀಲು ತೂಗಾಡುತ್ತ ಹಗೇವಿನೊಳಗೆ ಇಳಿಯುತ್ತಿದೆ, ಆಳುಮಗ ದುರಗಪ್ಪ ಹಗ್ಗವನ್ನು ಜಗ್ಗಿ ಜಗ್ಗಿ ಬಿಡುತ್ತಿದ್ದಾನೆ, ಹಗ್ಗ ಬಿಡುವುದಕ್ಕೂ ಬುದ್ಧಿ ಬೇಕು, ಇವನ ತಲೆಯಲ್ಲಿ ಬರೀ ಸೆಗಣಿ — ಯುದ್ಧದ ಕಾಲ, ಹನಿ ಸೀಮೆಎಣ್ಣೆಗೂ ಪಾಳಿ ಹಚ್ಚಬೇಕು, ಅಂಥ ಎಣ್ಣೆಯನ್ನು ಈ ನೆಲದ ಕಣಜದಲ್ಲಿ ಸುಡುತ್ತಿದ್ದೇನೆ, ಯಾರ ಸಲುವಾಗಿ, ಅಲ್ಲಿ ಬಾಗಿಲಲ್ಲಿ ಸೆರಗು ಬಿಗಿದು ನಿಂತಿರುವ ನನ್ನ ಹೆಂಡತಿ ಮುರಿಗೆವ್ವನ ಸಲುವಾಗಿ, ಜೇನುಪಂಡಿತೆ! ಇವಳ ತಮ್ಮ ಶಿದ್ದಪ್ಪ ಪ್ಲೇಗಿಗೆ ಸತ್ತಾಗ ಬಿಟ್ಟುಹೋದದ್ದಾದರೂ ಏನು, ಹೊಲವೇ, ಮನೆಯೇ, ಎರಡು ಜೇನುಪೆಟ್ಟಿಗೆ, ಜೊತೆಗೆ ಅವನ ಹುಳಗಳು ಮೇಣದ ಎರಿ ಕಟ್ಟಿದ ಒಂದಿಷ್ಟು ಹೆಚ್ಚಿನ ಮರದ ಚೌಕಟ್ಟು, ಹುಳ ಸಾಕುವುದೂ ಗಂಡಸಿನ ಉದ್ಯೋಗವೇ, ಥೂ. ಅವನ್ನು ಅಟ್ಟದ ಬೆಳಕಿಗೆ ಒಂದಕ್ಕೊಂದು ತಾಗದ ಹಾಗೆ ತೂಗುಹಾಕಿದ್ದಳು, ಒಗೆದ ಲಂಗೋಟಿಗಳಂತೆ, ಮೇಲೆ ಗಂಧಕದ ಹೊಗೆ ಬೇರೆ, ಇದೇನು ಮನಿಯೋ ಸುಡಗಾಡೋ ಅಂದೆ. ಗಾಳಿ ಬೆಳಕು ಇದ್ರ ಚಿಟ್ಟಿ ಮೊಟ್ಟಿ ಇಡೂದಿಲ್ರಿ, ಕತ್ತಲಾಗಿಟ್ರ ಹುಳಾ ಎರಿ ಎಲ್ಲಾ ತಿಂದು ಬಲಿ ನೇಯ್ತಾವ, ಶಿದ್ದ ಹೇಳ್ತಿದ್ದ. ಶಿದ್ದ ಹೇಳುತ್ತಿದ್ದನಂತೆ! ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ, ಹುಳದಿಂದ ಮಾಲು ಕಾಯುವುದನ್ನು ಕಾಳಿನ ವ್ಯಾಪಾರಿ ಕುಬೇರಪ್ಪನಿಗೆ ಕಲಿಸುತ್ತಾಳೆ, ಉಪ್ಪಿನಬೆಟಗೇರಿಯ ಅರ್ಧ ಜೋಳ ನನ್ನ ಹಗೇವುಗಳಲ್ಲಿ ಮಲಗುತ್ತದೆ, ಒಂದು ನುಸಿ ಹತ್ತಿದ್ದುಂಟೇ. ಅವಳು ತವರಿಗೆ ಹೋದದ್ದೇ ತಡ, ಚೌಕಟ್ಟುಗಳನ್ನೆಲ್ಲ ಈ ಬರಿದಾದ ಹಗೇವಿಗೆ ಇಳಿಸಿದೆ, ಬೇವಿನೆಲೆ, ಬೂದಿ, ಮೇಲೆ ಕಲ್ಲು, ಕಲ್ಲಿನ ಮೇಲೆ ಕೆಸರು, ಇರುವೆಗೂ ದಾರಿಯಿಲ್ಲ. ತಿರುಗಿ ಬಂದವಳು ಅಟ್ಟ ನೋಡಿದಳು, ನನ್ನನ್ನು ನೋಡಿದಳು, ಅಳಲಿಲ್ಲ, ಅತ್ತಿದ್ದರೆ ಬೈಯಬಹುದಿತ್ತು. ಕುಸುಬಿ ಹೂ ಬಿಟ್ಟೈತ್ರಿ, ಜೇನಹುಳಕ್ಕ ಎರಿ ಬೇಕು, ತಗಸ್ರಿ, ಶಿದ್ದನ ಕೈ ಮುಟ್ಟಿದ್ದು ಅಷ್ಟ ಉಳದೈತಿ.

ಅಷ್ಟ ಉಳದೈತಿ, ಮರದ ಚೂರಿಗೆ ಇಷ್ಟು ಮೋಹ, ತೆಗೆಸುತ್ತೇನೆ, ಹೊಸದರಂತೆ ಬರುತ್ತವೆ, ಆಗ ಮುಖ ಎಲ್ಲಿಡುತ್ತಾಳೋ — ಧಣ್ಯಾರ, ತಳಾ ಮುಟ್ಟಿತ್ರಿ, ದೀಪ ಆರಿಲ್ರಿ, ಗಾಳಿ ಛಲೋ ಐತಿ, ಇಳೀಲೇನ್ರಿ? ಹಲ್ಲು ಬೇರೆ ಕಿರಿಯುತ್ತಾನೆ ಕತ್ತೆ, ಗಾಳಿ ಛಲೋ ಅಂತೆ. ಗಾಳಿ. ಹೋದ ವರ್ಷ ಪಕ್ಕದ ಮನೆಯ ಉಳವಪ್ಪ ತನ್ನ ಹಗೇವು ಅರ್ಧ ತುಂಬಿ ಮುಚ್ಚಿ, ತೆಗೆದಾಗ ಜೋಳವೆಲ್ಲ ಹಿಟ್ಟು, ಕಟ್ಟೆಯ ಮೇಲೆ ನಾಲ್ಕು ಮಂದಿಯ ಎದುರು ನಕ್ಕವನು ನಾನೇ, ಲೇ ಉಳವ್ಯಾ, ಹಗೇವು ಬಾಯಿಮಟ ತುಂಬಬೇಕೋ, ಖಾಲಿ ಬಿಟ್ರ ಗಾಳಿ ಉಳೀತೈತಿ, ಗಾಳಿ ಇದ್ದಲ್ಲಿ ಹುಳಾ ಬದುಕ್ತಾವ, ತಗದ ಕೂಡ್ಲೆ ದೀಪ ಇಳಿಸಿ ನೋಡು, ಆರಿದ್ರ ಕಾಳು ಛಲೋ, ಉರದ್ರ ನಿನ್ನ ಹಣೇಬರಾ, ಅದನ್ನು ಮನೆಗೆ ಬಂದು ಇವಳಿಗೂ ಹೇಳಿ ಹೇಳಿ ನಕ್ಕಿದ್ದೆ, ಇವಳೂ ನಕ್ಕಿದ್ದಳು — ನನ್ನ ಈ ಬರಿದಾದ ಹಗೇವಿಗೆ ನಾಲ್ಕೇ ನಾಲ್ಕು ಚೌಕಟ್ಟು, ಮಿಕ್ಕಿದ್ದೆಲ್ಲ ಗಾಳಿ, ಹುಳ ಬದುಕುವಷ್ಟು ಗಾಳಿ, ಚಿಟ್ಟೆ ಮೊಟ್ಟೆ ಇಡುವಷ್ಟು ಕತ್ತಲು. ಆರಿಲ್ರಿ ಧಣ್ಯಾರ, ಮತ್ತೆ ಕೂಗುತ್ತಾನೆ, ಬಾಯಿ ಮುಚ್ಚೋ, ಅವಳಿಗೆ ಕೇಳಿಸಿತು, ಬಿಗಿದ ಸೆರಗು ಸಡಿಲಾಯಿತು, ಒಳಗೆ ಹೋದಳು, ನೋಡಬೇಕಾದ್ದೇನೂ ಉಳಿದಿಲ್ಲ ಅನ್ನುವ ಹಾಗೆ. ಎಳೀಲೇನ್ರಿ? ಬ್ಯಾಡ, ತಡಿ, ಇನ್ನೊಂದು ಸ್ವಲ್ಪ ತಡಿ — ಬೂದಿ ಬಣ್ಣದ ಚಿಟ್ಟೆಯೊಂದು ಗಾಜಿಗೆ ಬಡಿಯುತ್ತಿದೆ, ಇನ್ನೊಂದೂ ಬಡಿಯಿತು, ಸುಟ್ಟ ಎಣ್ಣೆ ಹಾಳಾಗಲಿ, ಆರಿಬಿಡು ಮಾರಾಯ, ಕಂದೀಲು ಉರಿಯುತ್ತಿದೆ, ತಳದಲ್ಲಿ, ನೆಟ್ಟಗೆ, ಉರಿಯುತ್ತಿದೆ.