ಎರಡನೆಯ ನಂಬರ್

ತಪ್ಪು ನನ್ನದೇ. ಮೆಸೇಜ್ ಕಳಿಸುವ ಸಾಫ್ಟ್‌ವೇರಿನ ಮೇಲೆ ಹೊರಿಸಿ ಕೈ ತೊಳೆದುಕೊಳ್ಳುವುದು ನಮ್ಮ ಬಾಸ್ ಶಾಂತಮೂರ್ತಿಗೆ ಆಗಬಹುದು, ನನಗಾಗದು.

ಕಾಡಿನಂಚಿಗೆ ಆನೆ ಬಂದರೆ ಕೊಳ್ಳೇಗಾಲದ ನಮ್ಮ ಸಣ್ಣ ಆಫೀಸಿನಿಂದ ಲೊಕ್ಕನಹಳ್ಳಿಯ ಮನೆಗಳಿಗೆ ಮೆಸೇಜ್ ಹೋಗುತ್ತದೆ. ಮನೆಗಳ ಪಟ್ಟಿ ಇರುವುದು ಜೇಸನ್ ಎಂಬ ರೂಪದಲ್ಲಿ: ವಿವರದ ಹೆಸರು, ಅದರ ಮುಂದೆ ವಿವರ. ಪಟ್ಟಿ ತುಂಬಿದವರು ಆ ಊರಿನ ರಾಜಣ್ಣ. ಅಲ್ಲಿ ಸಿಗ್ನಲ್ ಸಿಗದ ಮನೆಯವರು ತಮ್ಮ ನಂಬರಿನ ಜೊತೆಗೆ, ಸಿಗ್ನಲ್ ಸಿಗುವ ಪಕ್ಕದ ಮನೆಯವರದನ್ನೂ ಕೊಡುತ್ತಾರೆ. ಮೆಸೇಜ್ ಬಂದರೆ ಅವರು ಬೇಲಿಯಾಚೆಯಿಂದ ಕೂಗಿ ಹೇಳುತ್ತಾರೆ. ಆ ನಂಬರಿಗೆ ಹೇಗೂ ಮೆಸೇಜ್ ಬರುತ್ತದಲ್ಲ ಎಂದು ಆ ಪಕ್ಕದ ಮನೆಯನ್ನು ಬೇರೆಯಾಗಿ ಪಟ್ಟಿಗೆ ಹಾಕಿರಲಿಲ್ಲ. ರಾಜಣ್ಣ ಎರಡನ್ನೂ ‘ಮೊಬೈಲ್’ ಎಂಬ ಒಂದೇ ಹೆಸರಿನಲ್ಲಿ ತುಂಬಿದ್ದರು. ಸಾಫ್ಟ್‌ವೇರಿನ ಹಳೆಯ ಆವೃತ್ತಿ ತುಟಿಪಿಟಕ್ಕೆನ್ನದೆ ಕೊನೆಯದನ್ನು, ಅಂದರೆ ಪಕ್ಕದ ಮನೆಯವರ ನಂಬರನ್ನು ಇಟ್ಟುಕೊಳ್ಳುತ್ತಿತ್ತು. ಕೆಲಸ ನಡೆದುಹೋಗುತ್ತಿತ್ತು.

ಹೊಸ ಆವೃತ್ತಿಯಲ್ಲಿ ಒಂದು ಸೌಲಭ್ಯ ಬಂತು. ಒಂದೇ ಹೆಸರು ಎರಡು ಸಲ ಇದ್ದರೆ ಆ ದಾಖಲೆಯನ್ನೇ ತಿರಸ್ಕರಿಸಬಹುದು. ಆನ್ ಮಾಡಿದೆ. ನಲವತ್ತೊಂದು ಮನೆಗಳು ಹೊರಗೆ ಬಿದ್ದವು ಎಂದು ಪರದೆ ತೋರಿಸಿತು. ಈ ಜನಕ್ಕೆ ಒಂದು ಫಾರ್ಮ್ ನೆಟ್ಟಗೆ ತುಂಬೋಕೆ ಬರಲ್ಲವಲ್ಲ ಎಂದು ಉರಿದುಕೊಂಡು, ಕಸ ಹೋಯಿತು ಅಂತ ಊಟಕ್ಕೆ ಎದ್ದೆ. ನನ್ನ ಸೊಕ್ಕಿಗೆ ಬೆಂಕಿ ಬೀಳ.

ಗುರುವಾರ ಬೆಳಿಗ್ಗೆ ಜೋಳದ ಹೊಲಕ್ಕೆ ಆನೆ ಇಳಿಯಿತು. ಒಂದೇ ನಂಬರ್ ಇದ್ದ ಮನೆಗಳಿಗೆಲ್ಲ ಮೆಸೇಜ್ ಹೋಯಿತು. ಹೊರಗೆ ಬಿದ್ದ ಮನೆಗಳಲ್ಲಿ ರಂಗನಾಯಕರದೂ ಒಂದು; ಅವರಿಗೂ ಹೋಗಲಿಲ್ಲ, ಅವರ ಪಕ್ಕದ ಮನೆಗೂ ಹೋಗಲಿಲ್ಲ. ಅವರು ಎಂದಿನಂತೆ ಹೊಲಕ್ಕೆ ಹೋದರು, ಹೆಣವಾಗಿ ಮನೆಗೆ ಬಂದರು.

“ಸುಮ್ನಿರಮ್ಮ ದೀಪ, ಯಾರೂ ನಮ್ಮನ್ನ ಕೇಳಿಲ್ಲ,” ಎಂದರು ಶಾಂತಮೂರ್ತಿ. ಭಾನುವಾರ ನಾನೇ ಬಸ್ಸು ಹತ್ತಿದೆ.

ರಂಗನಾಯಕರ ಹೆಂಡತಿ ಮಾದೇವಮ್ಮ ಜಗುಲಿಯ ಮೇಲೆ ಕೂತಿದ್ದರು. ಆನೆ ಮೆಸೇಜ್ ಕಳಿಸುವ ಆಫೀಸಿನವಳು ಎಂದೆ.

“ಬೀದಿಗೆಲ್ಲ ಮೆಸೇಜ್ ಬಂದದೆ ಕಣವ್ವ. ಪಕ್ಕದ್ಮನೆ ಪುಷ್ಪ ಕೂಗ್ನಿಲ್ಲ. ನಂಗ್ ಬರ್ನೇ ಇಲ್ಲ ಅಂತ ಆಣೆ ಮಾಡ್ತಾಳ, ಯಾರ್ ನಂಬಾರು? ನೀರ್ ತಕಂಡ್ ಬಂದ್ಲು, ಚೆಲ್ಲುಸ್ಬುಟ್ಟೆ.”

ಬೇಲಿಯಾಚೆಯ ಮನೆಯ ಬಾಗಿಲು ಹಗಲಲ್ಲೇ ಮುಚ್ಚಿತ್ತು.

“ಅವರಿಗೆ ನಿಜವಾಗ್ಲೂ ಬರಲಿಲ್ಲ ಅಮ್ಮ,” ಎಂದೆ. “ನಿಮ್ಮ ಮನೇನ ಪಟ್ಟಿಯಿಂದ ಬಿಟ್ಟವಳು ನಾನು. ಎರಡು ನಂಬರ್ ಇತ್ತು ಅಂತ ಬಿಟ್ಟೆ. ಯಾಕೆ ಎರಡಿದೆ ಅಂತ ಒಂದು ಫೋನ್ ಮಾಡಿ ಕೇಳಲಿಲ್ಲ.”

ಮಾದೇವಮ್ಮ ಬೈಯಲಿಲ್ಲ. ಬೈದಿದ್ದರೆ ನಾನು ಹಗುರಾಗುತ್ತಿದ್ದೆ. ಗೋಡೆ ಹಿಡಿದು ಎದ್ದು, ನನ್ನ ಕೈ ಹಿಡಿದುಕೊಂಡರು.

“ನಡಿ. ಇದ್ನೇ ಅವ್ಳ ಮುಂದ ಯೋಳು. ಊರೆಲ್ಲ ಅವ್ಳ ಕೊಲೆಗಡುಕಿ ಅಂತಾವ್ರ. ಮೊದ್ಲು ಅಂದವ್ಳು ನಾನೇಯ.”